ಅಪ್ಪನ ದನಿಯ ಪಾಲು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಶಿಕಾರಿಪುರದ ಪಂಚಾಕ್ಷರಪ್ಪನವರ ಇಬ್ಬರು ಗಂಡುಮಕ್ಕಳು ಈ ಗಾದೆಯನ್ನು ಸುಳ್ಳು ಮಾಡಿಯಾರು ಎಂದು ಕೇರಿಯವರು ಬಹಳ ಕಾಲ ಕಾದರು. ತೊಂಬತ್ತೊಂಬತ್ತನೇ ಇಸವಿಯ ಸುಗ್ಗಿ ಮುಗಿಯುವ ಹೊತ್ತಿಗೆ ಕಾಯುವುದನ್ನು ಬಿಟ್ಟರು. ಹಿರಿಯವ ರಾಜಕುಮಾರ್ ಸೊರಬದಲ್ಲಿ ಗೊಬ್ಬರದ ಅಂಗಡಿ ಹಾಕಿ ಸಂಸಾರ ಅಲ್ಲಿಗೇ ಸಾಗಿಸಿದ್ದ. ಕಿರಿಯವ ಕೊಟ್ರೇಶ್ ತಂದೆಯ ಜೊತೆ ಶಿಕಾರಿಪುರದ ಮನೆಯಲ್ಲೇ ಉಳಿದಿದ್ದ. ಜಗಳ ಯಾವುದಕ್ಕೆ ಶುರುವಾಯಿತೆಂದು ಇಬ್ಬರಿಗೂ ನೆನಪಿರಲಿಲ್ಲ. ಅದನ್ನು ಬಿಡಬಾರದು ಎಂಬುದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿತ್ತು.

ಪಾಲು ಮಾಡಿಕೊಡಲು ಬಂದಳಿಕೆಯಿಂದ ಜಯಪ್ಪ ಬಂದಿದ್ದರು, ಕೇರಿಯಿಂದ ಸುಬ್ಬಪ್ಪ ಬಂದಿದ್ದರು. ಜಯಪ್ಪ ಸುತ್ತಿನ ಊರುಗಳಲ್ಲಿ ಎಷ್ಟು ಮನೆ ಒಡೆದಿದ್ದರೋ ಅಷ್ಟು ಮನೆಯಲ್ಲೂ ಹೋಳಿಗೆ ಊಟ ಉಂಡು ಬಂದವರು, ನ್ಯಾಯಕ್ಕೆ ಹೆಸರಾದವರು. ಅಂಬ್ಲಿಗೊಳ ಕಾಲುವೆಯ ಕೆಳಗಿನ ಗದ್ದೆ ಬೆಳಗಿನ ಚಹಾಕ್ಕೆ ಮುಂಚೆಯೇ ಎರಡಾಯಿತು. ಬಚ್ಚಲ ಮನೆಯ ತಾಮ್ರದ ಹಂಡೆಗೆ ಮಾತ್ರ ಬಹಳ ಹೊತ್ತು ಹಿಡಿಯಿತು, ಏಕೆಂದರೆ ಅದು ಒಂದೇ ಇತ್ತು. ಎರಡಿರುವ ವಸ್ತು ಬಂದರೆ ಜಯಪ್ಪನವರ ಮುಖ ಅರಳುತ್ತಿತ್ತು. ಎತ್ತು ಎರಡು, ಒಂದೊಂದು. ಕಬ್ಬಿಣದ ಬೀರು ಎರಡು, ಒಂದೊಂದು. ಹೀಗೆ ಒಂದೊಂದು ಮಾಡುತ್ತಾ ಅವರು ಒಳಕೋಣೆಗೆ ಬಂದರು.

ಒಳಕೋಣೆ ಕೊಟ್ರೇಶನ ಉದ್ಯೋಗದ ಜಾಗ. ಊರೂರಿನ ಭಜನೆ ಮೇಳದವರನ್ನು, ಸೋಬಾನೆ ಹಾಡುವ ಹೆಂಗಸರನ್ನು ಅಲ್ಲಿ ಕೂರಿಸಿ ಹಾಡಿಸಿ, ಧ್ವನಿ ಹಿಡಿದು, ಕ್ಯಾಸೆಟ್ ಮಾಡಿಕೊಡುತ್ತಿದ್ದ. ಅಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದು ಮೇಜಿನ ಮೇಲಿನದು, ಕೆಲಸ ಮಾಡುವುದು. ಇನ್ನೊಂದು ಮೂಲೆಯಲ್ಲಿ ನೆಲದ ಮೇಲೆ ಕೂತಿರುವ ಬರೀ ಪೆಟ್ಟಿಗೆ. ಅದಕ್ಕೆ ಕೆಲಸವಿಲ್ಲ, ಹಿಡಿದ ಧ್ವನಿಯನ್ನೆಲ್ಲ ಕೂಡಿಟ್ಟುಕೊಳ್ಳುವುದೇ ಕೆಲಸ. ಕೊಟ್ರೇಶನ ಹೆಂಡತಿ ಸೌಂದರ್ಯ ಅದನ್ನು ಕಣಜ ಎನ್ನುತ್ತಿದ್ದಳು, ಮನೆಯವರೂ ಹಾಗೇ ಎನ್ನುತ್ತಿದ್ದರು.

ಕಣಜದೊಳಗೆ ಏನಿದೆ ಎಂದು ಜಯಪ್ಪ ಕೇಳಿದರು. ಎರಡು ಹಾರ್ಡ್ ಡಿಸ್ಕ್ ಇವೆ ಎಂದ ಕೊಟ್ರೇಶ್. ಹೇಳಿದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡ. ಜಯಪ್ಪನವರ ಮುಖ ಆಗಲೇ ಅರಳಿತ್ತು.

"ಎರಡೈತಲ್ಲ ಮತ್ತೆ. ನಿನಗೊಂದು, ನಿಮ್ಮಣ್ಣಗೊಂದು. ಇದು ಸುಲಭ ಆತು ನೋಡು."

ಅದು ಸುಲಭವಾಗಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಊರವರ ಭಜನೆಯ ಜೊತೆಗೆ ಪಂಚಾಕ್ಷರಪ್ಪನವರ ಪುರಾಣವಿತ್ತು. ಅವರು ಪ್ರತಿ ವರ್ಷ ಶ್ರಾವಣದಲ್ಲಿ ಮಠದ ಅಂಗಳದಲ್ಲಿ ಪುರಾಣ ಹೇಳುತ್ತಿದ್ದವರು. ಅವರ ದನಿಗೆ ಮೈಕು ಬೇಡ ಎಂದು ಮೈಕಿನವನೇ ಒಪ್ಪಿಕೊಂಡಿದ್ದ. ಆಮೇಲೆ ಗಂಟಲಲ್ಲಿ ಗಂಟಾಗಿ, ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ನೀರು ಬೇಕಾದರೆ ಚಪ್ಪಾಳೆ ತಟ್ಟುತ್ತಾರೆ, ಸಿಟ್ಟು ಬಂದರೆ ಎರಡು ಸಲ ತಟ್ಟುತ್ತಾರೆ. ಹಳೆಯ ಕ್ಯಾಸೆಟ್ಟುಗಳಿಗೆ ಒಂದು ಮಳೆಗಾಲದಲ್ಲಿ ಬೂಸರು ಹಿಡಿದು ಟೇಪೆಲ್ಲ ಅಂಟಿಕೊಂಡಿತ್ತು. ಅದಕ್ಕೆ ಸ್ವಲ್ಪ ಮೊದಲು ಕೊಟ್ರೇಶ್ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಹಾಗಾಗಿ ಪಂಚಾಕ್ಷರಪ್ಪನವರ ದನಿ ಭೂಮಿಯ ಮೇಲೆ ಉಳಿದಿದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಅದನ್ನು ಕೇಳಿಸು ಎಂದು ಅವರು ಒಂದು ದಿನವೂ ಸನ್ನೆ ಮಾಡಿದವರಲ್ಲ.

ತೊಡಕು ಇದ್ದದ್ದು ಡಿಸ್ಕುಗಳ ಜೋಡಣೆಯಲ್ಲಿ. ಬೇಗ ಬೇಗ ಕೆಲಸವಾಗಲಿ ಎಂದು ಕೊಟ್ರೇಶ್ ಎರಡನ್ನೂ ಕೂಡಿಸಿ ಒಂದೇ ಡಿಸ್ಕಿನಂತೆ ದುಡಿಸುತ್ತಿದ್ದ. ಯಾವುದೇ ಧ್ವನಿಯಾದರೂ ಅದನ್ನು ಚೂರು ಚೂರು ಮಾಡಿ ಒಂದು ಚೂರು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಹಾಕುವ ಜೋಡಣೆ ಅದು. ಎರಡೂ ಇದ್ದರೆ ಅಪ್ಪ ಮಾತಾಡುತ್ತಾನೆ. ಒಂದು ಹೋದರೂ ಇಲ್ಲ. ಇದನ್ನು ಹಿರಿಯರಿಗೆ ಹೇಗೆ ಹೇಳುವುದೆಂದು ತಿಳಿಯದೆ ಕೊಟ್ರೇಶ್ ಹಳೆಯ ಪೇಪರಿನ ಒಂದು ಹಾಳೆ ತಂದು ಉದ್ದುದ್ದ ಸೀಳಿ, ಒಂದು ಸೀಳು ಜಯಪ್ಪನವರಿಗೆ, ಒಂದು ಸುಬ್ಬಪ್ಪನವರಿಗೆ ಎಂದು ಹಂಚಿ, ಈಗ ಓದಿ ಎಂದ. ಸುಬ್ಬಪ್ಪ ಕನ್ನಡಕ ಹಾಕಿಕೊಂಡು ತಮ್ಮ ಸೀಳುಗಳನ್ನು ಜೋಡಿಸಿ, ಅಡಿಕೆ ಧಾರಣೆಯಲ್ಲಿ ಇಬ್ಬರ ಬಂಧನ ಎಂದು ಗಂಭೀರವಾಗಿ ಓದಿದರು.

ಜಯಪ್ಪ ತಮ್ಮ ಸೀಳುಗಳನ್ನು ಎಣಿಸಿ ನೋಡಿ, ಇಬ್ಬರಿಗೂ ಸಮ ಬಂದಿದೆ, ನ್ಯಾಯ ತಪ್ಪಿಲ್ಲ ಎಂದರು. ಓದಬೇಕೆನಿಸಿದಾಗ ಇಬ್ಬರೂ ತಮ್ಮತಮ್ಮದನ್ನು ತಂದು ಕೂಡಿಸಿ ಓದಿಕೊಳ್ಳಲಿ ಎಂದೂ ಸೇರಿಸಿದರು. ಕೂಡಿ ಓದುವ ಹಾಗಿದ್ದರೆ ಪಾಲು ಯಾಕೆ ಬೇಕಿತ್ತು ಎಂದು ರಾಜಕುಮಾರ್ ಗೋಡೆಗೆ ಹೇಳಿದ. ಅವನು ಆ ದಿನವೆಲ್ಲ ತಮ್ಮನಿಗೆ ಹೇಳುವುದನ್ನು ಗೋಡೆಗೇ ಹೇಳುತ್ತಿದ್ದ. ಎರಡೂ ತನಗೇ ಬೇಕು ಎಂದು ಬಾಯಿಬಿಟ್ಟು ಕೇಳಲಾಗದೆ ಇವನು ಪೇಪರು ಹರಿಯುತ್ತಿದ್ದಾನೆ ಎಂಬುದು ಅವನ ಅನುಮಾನ. ಮೊಸರಲ್ಲಿ ಕಲ್ಲು ಹುಡುಕುವುದು ರಾಜಕುಮಾರನಿಗೆ ಹುಟ್ಟುಗುಣ. ಗೊಬ್ಬರದ ಅಂಗಡಿಗೆ ಬಂದ ಮೂಟೆಯನ್ನು ಒಂದೊಂದಾಗಿ ತೂಗಿಯೇ ಒಳಗೆ ಬಿಡುವವನು ಅವನು.

ಕೊಟ್ರೇಶನ ಚಿಂತೆಯೇ ಬೇರೆ. ಗದ್ದೆ ಹೋಗಲಿ, ಹಂಡೆಯೂ ಹೋಗಲಿ, ಅಪ್ಪನ ದನಿಯನ್ನು ಸೀಳಿ ಎರಡು ಊರಿಗೆ ಕಳಿಸಿದರೆ ಎರಡು ಕಡೆಯೂ ಬರೀ ಕಬ್ಬಿಣ ಉಳಿಯುತ್ತದೆ. ಅಪ್ಪ ಅಲ್ಲೇ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಒಂದು ಸಲವೂ ಚಪ್ಪಾಳೆ ತಟ್ಟಲಿಲ್ಲ.

"ಒಂದು ವಾರ ಕೊಡ್ರಿ ಜಯಪ್ಪಣ್ಣ," ಎಂದ ಕೊಟ್ರೇಶ್. "ಜೋಡಣೆ ಬದಲು ಮಾಡ್ತೀನಿ. ಒಂದರಾಗ ಇದ್ದದ್ದೇ ಇನ್ನೊಂದರಾಗೂ ಇರೋ ಹಂಗೆ. ಆಮೇಲೆ ಒಂದೊಂದು ತಗೊಂಡ್ರೂ ಇಬ್ಬರಿಗೂ ಪೂರ್ತಿ ಸಿಗ್ತದೆ."

ಇಬ್ಬರಿಗೂ ಪೂರ್ತಿ ಸಿಗುವುದಾದರೆ ಅದು ಪಾಲು ಹೇಗಾಗುತ್ತದೆ ಎಂದು ಜಯಪ್ಪ ಬಹಳ ಯೋಚಿಸಿದರು. ಅವರ ಅನುಭವದಲ್ಲಿ ಹಾಗೆ ಆದದ್ದಿರಲಿಲ್ಲ. ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ವಾರದ ಗಡುವು ಕೊಟ್ಟರು. ರಾಜಕುಮಾರ್ ಒಂದು ಷರತ್ತು ಹಾಕಿದ, ಅದನ್ನು ಮಾತ್ರ ಗೋಡೆಗೆ ಹೇಳದೆ ತಮ್ಮನಿಗೇ ಹೇಳಿದ. ಆ ಪೆಟ್ಟಿಗೆ ಮುಟ್ಟುವಾಗೆಲ್ಲ ತಾನು ಎದುರಿಗೆ ಕೂತಿರಬೇಕು.

ಕೂತಲ್ಲೇ ಗುಂಡಿ ಒತ್ತಿ ಬದಲಿಸುವ ಸೆಟ್ಟಿಂಗ್ ಅಲ್ಲ ಅದು. ಹಳೆಯ ಜೋಡಣೆ ಬಿಚ್ಚಿದರೆ ಎರಡೂ ಡಿಸ್ಕ್ ಖಾಲಿಯಾಗುತ್ತವೆ. ಮೊದಲು ಇರುವುದನ್ನೆಲ್ಲ ಬೇರೊಂದು ಡಿಸ್ಕಿಗೆ ತೆಗೆದಿಡಬೇಕು, ಆಮೇಲೆ ಬಿಚ್ಚಬೇಕು, ಹೊಸದಾಗಿ ಜೋಡಿಸಬೇಕು, ತೆಗೆದಿಟ್ಟಿದ್ದನ್ನು ಮರಳಿ ತುಂಬಬೇಕು. ಅಂಥ ದೊಡ್ಡ ಡಿಸ್ಕ್ ಇದ್ದದ್ದು ಸೊರಬದಲ್ಲಿ ಕಂಪ್ಯೂಟರ್ ತರಬೇತಿ ನಡೆಸುತ್ತಿದ್ದ ಗುಡ್ಡಪ್ಪನ ಹತ್ತಿರ. ಗುಡ್ಡಪ್ಪ ಕೊಡಲು ಒಪ್ಪಿದ. ಅದನ್ನು ತಾನೇ ತರುತ್ತೇನೆಂದು ರಾಜಕುಮಾರ್ ಹಟ ಹಿಡಿದ, ದಾರಿಯಲ್ಲಿ ತಮ್ಮ ಅದಕ್ಕೆ ಏನಾದರೂ ಮಾಡಿಯಾನೆಂದು. ಅಲುಗಿಸಬೇಡ ಎಂದು ಗುಡ್ಡಪ್ಪ ಹೇಳಿ ಕಳಿಸಿದ್ದಕ್ಕೆ ಅವನು ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದ. ಸೀಟಿನಲ್ಲಿ ಕೂತರೆ ಗುಂಡಿ ಬಂದಾಗ ಎತ್ತಿ ಹಾಕುತ್ತದೆ, ನಿಂತರೆ ಮೊಣಕಾಲು ತಡೆದುಕೊಳ್ಳುತ್ತದೆ ಎಂಬುದು ಅವನ ಲೆಕ್ಕ. ಕಂಡಕ್ಟರು ಬಾಣಂತಿಯರ ಸೀಟು ತೋರಿಸಿದನಂತೆ.

ಹೊಸ ಜೋಡಣೆಯಲ್ಲಿ ಜಾಗ ಅರ್ಧವಾಗುವುದರಿಂದ ಊರವರ ಹಾಡುಗಳನ್ನೆಲ್ಲ ತೆಗೆಯಬೇಕಾಯಿತು. ಅವರವರ ಕ್ಯಾಸೆಟ್ ಅವರವರಿಗೆ ಸೇರಿತ್ತು. ಆದರೂ ಕ್ಯಾಸನೂರಿನ ಭಜನೆಯವರದು ಇದು, ಯಾರದೋ ಮದುವೆಯದು ಇದು ಎಂದು ಒಂದೊಂದನ್ನೂ ರಾಜಕುಮಾರನಿಗೆ ಕೇಳಿಸಿ, ಅಪ್ಪನದಲ್ಲ ಎಂದು ಅವನು ತಲೆ ಆಡಿಸಿದ ಮೇಲೆ ತೆಗೆಯಬೇಕಿತ್ತು. ಕೊಟ್ರೇಶನಿಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಅಪ್ಪನ ಪುರಾಣವಷ್ಟೇ ಉಳಿಯಿತು. ಅದನ್ನು ಗುಡ್ಡಪ್ಪನ ಡಿಸ್ಕಿಗೆ ನಕಲು ಮಾಡಿದ. ಕಂಪ್ಯೂಟರ್ ಎಲ್ಲ ಸರಿಯಾಗಿದೆ ಎಂದಿತು. ಕಡತಗಳ ಸಂಖ್ಯೆ ಸರಿ, ಅಳತೆ ಸರಿ. ಅವನೊಬ್ಬನೇ ಇದ್ದಿದ್ದರೆ ಅಷ್ಟಕ್ಕೇ ಹಳೆಯ ಜೋಡಣೆ ಬಿಚ್ಚಿಬಿಡುತ್ತಿದ್ದ.

ಬಿಚ್ಚಲು ಹೋದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಬಂತು. ಅದೇನೆಂದು ರಾಜಕುಮಾರ್ ಕೇಳಿದ. ಇದರೊಳಗಿರುವುದೆಲ್ಲ ಹೋಗುತ್ತದೆ, ಹೌದೋ ಅಲ್ಲವೋ ಎಂದು ಕೇಳುತ್ತಿದೆ ಎಂದ ಕೊಟ್ರೇಶ್. ಮತ್ತೆ ಹೌದು ಎಂದು ಯಾಕೆ ಒತ್ತುತ್ತೀ ಎಂದ ರಾಜಕುಮಾರ್. ಅಣ್ಣನ ಪ್ರಶ್ನೆ ನ್ಯಾಯವಾದದ್ದೇ. ನಕಲು ಆಗಿದೆಯಲ್ಲ ಎಂದು ಕೊಟ್ರೇಶ್ ಹೇಳಿದ.

"ಆಗೈತಿ ಅಂತ ಅದು ಹೇಳ್ತು. ನಾನೆಲ್ಲಿ ಕೇಳೀನಿ? ಹಾಕು. ಮೊದಲಿಂದ ಕೊನೀತನಕ ಹಾಕು."

ಅಷ್ಟೂ ಕೇಳುವುದೆಂದರೆ ಒಂದು ಹಗಲು ಬೇಕು. ಕೊಟ್ರೇಶ್ "ಅಲ್ಲ" ಎಂಬುದನ್ನು ಒತ್ತಿ ಪರದೆ ಮುಚ್ಚಿ, ಮನಸ್ಸಿನಲ್ಲೇ ಅಣ್ಣನನ್ನು ಚೆನ್ನಾಗಿ ಬೈದ. ಮರುದಿನ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ರಾಜಕುಮಾರ್ ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡು, ಒಂದು ತಂಬಿಗೆ ನೀರಿಟ್ಟುಕೊಂಡು, ಮಾಲು ಪರೀಕ್ಷೆ ಮಾಡುವವನ ಮುಖ ಹೊತ್ತು ಕೂತ. ಕೊಟ್ರೇಶ್ ಗುಡ್ಡಪ್ಪನ ಡಿಸ್ಕಿನಲ್ಲಿದ್ದ ನಕಲನ್ನು ಹಾಕಿ ಸ್ಪೀಕರಿನ ಗುಂಡಿ ತಿರುಗಿಸಿದ.

ಆ ದನಿ ಆ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಅಡುಗೆಮನೆಯಲ್ಲಿ ಸೌಂದರ್ಯಳ ಕೈಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೊರಗೆ ಕಟ್ಟೆಯ ಮೇಲಿದ್ದ ಪಂಚಾಕ್ಷರಪ್ಪನವರು ಎದ್ದು ಒಳಗೆ ಬಂದು, ಯಾರನ್ನೂ ನೋಡದೆ, ಕುರ್ಚಿಯಲ್ಲಿ ಕೂತರು. ಈ ಪುರಾಣಿಕ ಯಾರೋ ನೋಡೋಣ ಎಂಬಂತೆ ಕಿವಿಗೊಟ್ಟರು. ಮಧ್ಯೆ ಒಂದು ಕಡೆ ಪುರಾಣಿಕ ಶ್ಲೋಕ ತಪ್ಪಿದಾಗ ಎರಡು ಸಲ ಚಪ್ಪಾಳೆ ತಟ್ಟಿದರು. ಕೊಟ್ರೇಶನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ಮರೆಸಲು ಬಗ್ಗಿ ವೈರು ಸರಿ ಮಾಡಿದ. ವೈರು ಸರಿಯಾಗಿಯೇ ಇತ್ತು.

ಊಟ ಮುಗಿದು ಮತ್ತೆ ಕೂತರು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಕಡೆ ಚಟ್ ಎಂದು ಸಣ್ಣ ಸದ್ದಾಯಿತು, ಕಥೆ ಮುಂದುವರಿಯಿತು. ಮೈಕಿಗೆ ಯಾರದೋ ಕೈ ತಗುಲಿರಬೇಕೆಂದು ಕೊಟ್ರೇಶ್ ಸುಮ್ಮನಿದ್ದ. ರಾಜಕುಮಾರ್ ಕೈ ಎತ್ತಿದ.

"ನಿಲ್ಸು. ಇಲ್ಲಿ ಕುರುಬರ ಮುದುಕಿ ಬರ್ಬೇಕು. ಕಂಬಳಿ ತಗೊಂಡು ಬರೋ ಮುದುಕಿ. ಎಲ್ಲಿ ಹೋದ್ಲು?"

ಕೊಟ್ರೇಶನಿಗೆ ಯಾವ ಮುದುಕಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷ ಮಠದ ಅಂಗಳದಲ್ಲಿ ಅವನು ಕೂತದ್ದು ರೆಕಾರ್ಡರಿನ ಹಿಂದೆ. ಅದರ ಮೀಟರಿನ ಮುಳ್ಳು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ನೋಡುತ್ತಿದ್ದನೇ ಹೊರತು ಅಪ್ಪ ಹೇಳುತ್ತಿದ್ದುದೇನು ಎಂದು ಒಂದು ದಿನವೂ ಕೇಳಿರಲಿಲ್ಲ. ರಾಜಕುಮಾರ್ ಮುಂದಿನ ಸಾಲಿನಲ್ಲಿ ಕೂತು ಕೇಳಿದವನು. ದನಿಯನ್ನು ಹಿಡಿದಿಟ್ಟವನು ತಮ್ಮ, ಮಾತನ್ನು ಹಿಡಿದಿಟ್ಟವನು ಅಣ್ಣ. ಹೀಗೂ ಒಂದು ಪಾಲು ಯಾವತ್ತೋ ಆಗಿಹೋಗಿದೆ ಎಂದು ಕೊಟ್ರೇಶನಿಗೆ ಆಗ ಅನ್ನಿಸಿತು, ಅನ್ನಿಸಿ ನಾಚಿಕೆಯಾಯಿತು.

ಪಂಚಾಕ್ಷರಪ್ಪನವರೂ ತಲೆ ಆಡಿಸಿದರು, ಮುದುಕಿ ಬರಬೇಕು. ಕಣಜದಲ್ಲಿದ್ದ ಮೂಲವನ್ನು ಹಾಕಿ ನೋಡಿದರೆ ಮುದುಕಿ ಇದ್ದಳು. ಕಂಬಳಿ ತಂದಳು, ಚಳಿಯಲ್ಲಿ ನಡುಗುತ್ತಿದ್ದವನಿಗೆ ಹೊದಿಸಿದಳು, ಅಪ್ಪನ ದನಿ ಅಲ್ಲಿ ಸಣ್ಣಗಾಗಿ ನಡುಗಿತು. ಗುಡ್ಡಪ್ಪನ ಡಿಸ್ಕಿನಲ್ಲಿ ಒಂದು ಜಾಗ ಕೆಟ್ಟಿತ್ತು. ಎಲ್ಲ ಸರಿಯಾಗಿದೆ ಎಂದು ಕಂಪ್ಯೂಟರ್ ಹೇಳಿದ್ದು ಸುಳ್ಳು. ಹಿಂದಿನ ದಿನ ಅಣ್ಣ ಎದುರಿಗೆ ಕೂತು ಅಡ್ಡ ಮಾತಾಡದೆ ಹೋಗಿದ್ದರೆ ಕೊಟ್ರೇಶ್ ಹೌದು ಎಂದು ಒತ್ತಿರುತ್ತಿದ್ದ, ಮುದುಕಿ ಲೋಕದಿಂದಲೇ ಹೋಗಿರುತ್ತಿದ್ದಳು.

"ನೀನು ಇದ್ದದ್ದು ಚಲೋ ಆತಣ್ಣ," ಎಂದ.

"ನಾನಿಲ್ಲದಿದ್ರೆ ನೀನು ಏನು ಮಾಡ್ತೀ ಅಂತ ನನಗೆ ಗೊತ್ತಿತ್ತು," ಎಂದ ರಾಜಕುಮಾರ್. ಮೋಸ ಸಿಕ್ಕಿದೆಯೆಂಬ ಸಂತೋಷ ಅವನ ಮುಖದಲ್ಲಿತ್ತು, ಮೋಸ ಯಾರದು ಎಂಬುದು ಮಾತ್ರ ಅವನಿಗೆ ಸ್ಪಷ್ಟವಿರಲಿಲ್ಲ.

ಕೆಟ್ಟ ಜಾಗವನ್ನು ಗುರುತು ಮಾಡಿ ಬಿಟ್ಟು ಮತ್ತೆ ನಕಲು ಮಾಡಿದರು. ಮತ್ತೆ ಮೊದಲಿಂದ ಕೊನೆಯವರೆಗೆ ಕೇಳಿದರು. ಈ ಸಲ ಕೊಟ್ರೇಶನೂ ಚಾಪೆಯ ಮೇಲೆ ಕೂತು ಕಥೆ ಕೇಳಿದ. ಎಲ್ಲರೂ ಇದ್ದರು, ಯಾರೂ ತಪ್ಪಿಸಿಕೊಂಡಿರಲಿಲ್ಲ. ಅದಾದ ಮೇಲೆಯೇ ಅವನು ಗುಡ್ಡಪ್ಪನ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದ, ತಪ್ಪಿ ಅದನ್ನೇ ಅಳಿಸಿಬಿಟ್ಟರೆ ಎಂಬ ಭಯಕ್ಕೆ. ಬೀಗದ ಕೈ ರಾಜಕುಮಾರನ ಉಡಿದಾರಕ್ಕೆ ಹೋಯಿತು. ಊರಲ್ಲಿ ಕರೆಂಟು ನಿಲ್ಲುವ ಹೊತ್ತು ಕಳೆಯುವವರೆಗೆ ಕಾದು, ಪರದೆ ಕೇಳಿದ ಪ್ರಶ್ನೆಯನ್ನು ಕೊಟ್ರೇಶ್ ಮತ್ತೊಮ್ಮೆ ಕನ್ನಡದಲ್ಲಿ ಓದಿ ಹೇಳಿದ. ಇಬ್ಬರೂ ಅಪ್ಪನ ಕಡೆ ನೋಡಿದರು. ಅಪ್ಪ ಒಂದು ಚಪ್ಪಾಳೆ ತಟ್ಟಿದರು. ಅದು ನೀರಿಗೋ ಒಪ್ಪಿಗೆಗೋ ಗೊತ್ತಾಗದೆ ಸೌಂದರ್ಯ ನೀರು ತಂದುಕೊಟ್ಟಳು, ಅವರು ಕುಡಿದರು. ಕೊಟ್ರೇಶ್ ಹೌದು ಎಂದು ಒತ್ತಿದ.

ಹೊಸ ಜೋಡಣೆಯಾಯಿತು. ಒಂದರಲ್ಲಿ ಬರೆದದ್ದು ಆಗಿಂದಾಗಲೇ ಇನ್ನೊಂದರಲ್ಲೂ ಬರೆಯಲ್ಪಡುವಂಥದ್ದು. ಅಪ್ಪನನ್ನು ಮರಳಿ ತುಂಬಿದರು, ಮತ್ತೊಮ್ಮೆ ಕೇಳಿದರು. ಆ ವಾರದಲ್ಲಿ ಆ ಕೇರಿಯವರಿಗೆ ಶ್ರಾವಣ ಮೂರು ಸಲ ಬಂದುಹೋಯಿತು. ಎರಡನೆಯ ಸಲಕ್ಕೇ ಅಕ್ಕಪಕ್ಕದವರು ಕಟ್ಟೆಯ ಮೇಲೆ ಬಂದು ಕೂರತೊಡಗಿದ್ದರು. ಒಂದೊಂದೇ ಡಿಸ್ಕನ್ನು ಬಿಚ್ಚಿಟ್ಟು ಇನ್ನೊಂದರಲ್ಲಿ ಮುದುಕಿ ಇದ್ದಾಳೋ ಎಂದೂ ನೋಡಿದರು. ಎರಡರಲ್ಲೂ ಇದ್ದಳು. ಗುಡ್ಡಪ್ಪನ ಡಿಸ್ಕನ್ನು ಹಾಗೇ ಇಟ್ಟುಕೊಳ್ಳೋಣವೇ ಎಂದು ಕೊಟ್ರೇಶ್ ಕೇಳಿದ್ದಕ್ಕೆ, ಗುಡ್ಡಪ್ಪ ಈ ಮನೆಯ ಯಾವ ಪಾಲುದಾರ ಎಂದು ರಾಜಕುಮಾರ್ ಕೇಳಿದ. ಅದನ್ನು ಅಳಿಸಿ ಟವೆಲ್ಲಿನಲ್ಲಿ ಸುತ್ತಿಟ್ಟರು.

ಗಡುವಿನ ದಿನ ಜಯಪ್ಪ, ಸುಬ್ಬಪ್ಪ ಬಂದರು. ಕೊಟ್ರೇಶ್ ಪೆಟ್ಟಿಗೆಯ ಮುಚ್ಚಳ ತೆಗೆದು, ತಿರುಪುಳಿ ಹಿಡಿದು, ಅಣ್ಣ ಯಾವುದನ್ನು ತೋರಿಸಿದರೆ ಅದನ್ನು ಬಿಚ್ಚಿಕೊಡಲು ಸಿದ್ಧನಾಗಿ ಕೂತ. ಪಾಲು ಮಾಡಿದವನು ಕಿರಿಯವನಾದರೆ ಆರಿಸುವವನು ಹಿರಿಯವನು ಎಂದು ಜಯಪ್ಪ ಕಟ್ಟಳೆ ಹೇಳಿದರು. ರಾಜಕುಮಾರ್ ಬಗ್ಗಿ ಎರಡನ್ನೂ ಬಹಳ ಹೊತ್ತು ನೋಡಿದ. ಎರಡೂ ಒಂದೇ ಥರ ಇದ್ದವು.

"ಈಗ ಇದರಾಗ ಒಂದು ಕೆಟ್ಟು ಹೋತು ಅನ್ನು. ಅಪ್ಪ ಇರ್ತಾನಾ?" ಎಂದ.

"ಇರ್ತಾನ. ಇನ್ನೊಂದರಾಗ ಇರ್ತಾನಲ್ಲ."

"ನಾನು ಒಂದು ಸೊರಬಕ್ಕೆ ತಗೊಂಡು ಹೋದೆ. ಅದು ಕೆಡ್ತು. ಆಗ?"

"ಆಗ ನಿನ್ನ ಹತ್ರ ಇರಲ್ಲ."

ರಾಜಕುಮಾರ್ ನೆಟ್ಟಗಾಗಿ ಸೊಂಟ ಹಿಡಿದುಕೊಂಡ. ಹಂಗಾದರೆ ಬಿಚ್ಚುವುದು ಬೇಡ ಎಂದು ಜಯಪ್ಪನವರಿಗೆ ಹೇಳಿದ. ತನ್ನ ಪಾಲು ತನ್ನದೇ, ಬಿಟ್ಟುಕೊಟ್ಟಿಲ್ಲ, ಆದರೆ ಅಲ್ಲೇ ಇರಲಿ. ತಮ್ಮನ ಮೇಲೆ ತನಗೆ ಕವಡೆಯಷ್ಟೂ ನಂಬಿಕೆ ಇಲ್ಲವಾದ್ದರಿಂದ ತಿಂಗಳಿಗೊಂದು ದಿನ ಬಂದು, ಮೊದಲಿಂದ ಕೊನೆಯವರೆಗೆ ಕೇಳಿ, ಎಲ್ಲ ಸರಿಯಿದೆ ಎಂದು ನೋಡಿಕೊಂಡು ಹೋಗುತ್ತಾನೆ. ಊಟದ ಹೊತ್ತು ಮೀರುತ್ತದೆ, ಹಾಗಾಗಿ ಊಟವೂ ಇಲ್ಲೇ. ಜಯಪ್ಪ ಇದೂ ತಮ್ಮ ಅನುಭವದಲ್ಲಿ ಇಲ್ಲವೆಂದರು. ಸುಬ್ಬಪ್ಪ ಅಡುಗೆಮನೆಯ ಕಡೆ ನೋಡಿ, ಹೋಳಿಗೆಗೆ ಹೊತ್ತಾಯಿತೇನೋ ಎಂದರು.

ಕೊಟ್ರೇಶ್ ಏನೋ ಹೇಳಲು ಬಾಯಿ ತೆರೆದ. ಅಣ್ಣನ ಲೆಕ್ಕ ತಪ್ಪು. ಒಂದೇ ಪೆಟ್ಟಿಗೆಯಲ್ಲಿ ಎರಡೂ ಇದ್ದರೆ, ಒಂದು ಸಿಡಿಲು ಬಡಿದರೆ, ಒಬ್ಬ ಕಳ್ಳ ಬಂದರೆ, ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಸೊರಬದಲ್ಲಿ, ಒಂದು ಶಿಕಾರಿಪುರದಲ್ಲಿ ಇದ್ದು, ಅಲ್ಲಿಯದು ಕೆಟ್ಟಾಗ ಇಲ್ಲಿಂದ ನಕಲು ಮಾಡಿ ಕಳಿಸುವುದೇ ಎಲ್ಲಕ್ಕಿಂತ ಭದ್ರ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಒಂದೇ ಮಾತಿನಲ್ಲಿ ಹೇಳಬಹುದಿತ್ತು, ಅಣ್ಣ ಒಪ್ಪಿ ಡಿಸ್ಕ್ ತೆಗೆದುಕೊಂಡು ಹೋಗಿಬಿಡುತ್ತಿದ್ದ.

ಬಾಗಿಲ ಬಳಿಯ ಕುರ್ಚಿಯಿಂದ ಅಪ್ಪ ಅವನ ಬಾಯಿಯನ್ನೇ ನೋಡುತ್ತಿದ್ದರು.

ಕೊಟ್ರೇಶ್ ಬಾಯಿ ಮುಚ್ಚಿಕೊಂಡ. ಪೆಟ್ಟಿಗೆಯ ಮುಚ್ಚಳ ಹಾಕಿ ತಿರುಪುಗಳನ್ನು ಒಂದೊಂದಾಗಿ ಬಿಗಿದ. ಮುಂದಿನ ತಿಂಗಳು ಯಾವ ದಿನ ಬರುತ್ತೀಯಣ್ಣ ಎಂದು ಕೇಳಿದ.